ನಡುವೆ ಯಾರೂ ಇಲ್ಲದ ಒಂದು ಪ್ರಾರ್ಥನೆ

ಅಜ್ಜಿಗೆ ಸಂತರೆಂದರೆ ಪಕ್ಕದ ಬೀದಿಯ ನೆಂಟರಿದ್ದ ಹಾಗೆ. ಸೂಜಿ ಕಳೆದರೆ ಹುಡುಕಿಕೊಡುವ ಸಂತನನ್ನು ಕೂಗುವಳು, ಸಿಕ್ಕ ಮೇಲೆ ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ ಎಂದು ಅವನನ್ನೇ ಗದರುವಳು. ಕೆಲಸ ಬಾರದ ವಾರ ದುಡಿಯುವವರನ್ನು ಕಾಯುವ ಬಡಗಿ ಸಂತನಿಗೆ ದೂರು. ಮಗನ ಗಂಟಲು ಕಟ್ಟಿದರೆ ಅದಕ್ಕೆಂದೇ ಇರುವ ಇನ್ನೊಬ್ಬನಿಗೆ ಕರೆ. ಯೇಸುವಿನ ತಾಯಿ ದೇವಮಾತೆಯ ಹತ್ತಿರ ಮಾತ್ರ ಗದರಿಕೆ ನಡೆಯದು. ಅವಳ ಪಟದ ಮುಂದೆ ಕೂತು ಮನೆಯ ಕಷ್ಟಸುಖವನ್ನೆಲ್ಲ ಒಪ್ಪಿಸಿ, ಹಗುರಾಗಿ ಏಳುವಳು. ಇವರೆಲ್ಲ ಸೇರಿ ತನ್ನ ಮಾತನ್ನು ಮೇಲೆ ದೇವರಿಗೆ ಮುಟ್ಟಿಸುತ್ತಾರೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅವಳದು ಪುಸ್ತಕ ಹೊಲಿಯುವ ಕೈ. ಮನೆಯ ಮುಂದಿನ ಕೋಣೆಯೇ ಬೈಂಡಿಂಗ್ ಅಂಗಡಿ. ಕಿಟಕಿಯ ಕೆಳಗೆ ಅವಳ ಗಿಡ್ಡ ಮೇಜು, ಮೇಜಿನ ಮೇಲೆ ಮೇಣ ಉಜ್ಜಿದ ದಾರ, ದಬ್ಬಳ, ಅಂಟಿನ ಡಬ್ಬಿ. ಮಗ ಹಾಳೆ ಮಡಿಸಿ ರಟ್ಟು ಕತ್ತರಿಸುತ್ತಿದ್ದ, ಅವಳು ಹೊಲಿಯುತ್ತಿದ್ದಳು. ಐವತ್ತು ವರ್ಷದಿಂದ ಊರಿನ ಶಾಲೆಯ ಹಾಜರಿ ಪಟ್ಟಿಗಳಿಂದ ಹಿಡಿದು ದೇವಾಲಯದ ಹಾಡಿನ ಪುಸ್ತಕದವರೆಗೆ ಎಲ್ಲಕ್ಕೂ ಅವಳದೇ ದಾರ.

ಆ ಶನಿವಾರ ಮೊಮ್ಮಗಳ ಮದುವೆ. ಹುಡುಗ ಸೈಕಲ್ ಅಂಗಡಿಯವರ ಮಗ. ಒಳ್ಳೆಯ ಹುಡುಗ, ಅದರಲ್ಲಿ ಎರಡು ಮಾತಿಲ್ಲ. ಪೀಕಲಾಟ ಅವನ ಅಪ್ಪನಿಂದ. ವಾರವೆಲ್ಲ ಪಂಕ್ಚರ್ ಹಾಕುವ ಆ ಮನುಷ್ಯ ಭಾನುವಾರ ಬಾಡಿಗೆ ಸಭಾಂಗಣದಲ್ಲಿ ಬೋಧಕರು. ಅವರ ಸಭೆಯಲ್ಲಿ ಪಟವಿಲ್ಲ, ಸಂತರಿಲ್ಲ. ಏನಿದ್ದರೂ ನೇರವಾಗಿ ದೇವರ ಹತ್ತಿರವೇ. ಮದುವೆ ಅಜ್ಜಿಯ ದೇವಾಲಯದಲ್ಲಿ ನಡೆಯಲಿ, ಬೋಧಕರೂ ಬಂದು ಮಕ್ಕಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಲಿ ಎಂದು ಎರಡು ಮನೆಯವರೂ ನಗುನಗುತ್ತಲೇ ಒಪ್ಪಿದ್ದರು. ಅಷ್ಟರಲ್ಲಿ ಅಜ್ಜಿ ಮದುವೆಯ ಪ್ರಾರ್ಥನೆಗಳ ಕಿರುಪುಸ್ತಕಕ್ಕೆ ಸಂತರ ಮನವಿಮಾಲೆಯನ್ನು ಸೇರಿಸಿಬಿಟ್ಟಳು. ಒಬ್ಬೊಬ್ಬರೇ ಸಂತರ ಹೆಸರು ಹಾಡಿ ಕರೆಯುವುದು, ಜನ ‘ನಮಗಾಗಿ ಪ್ರಾರ್ಥಿಸಿರಿ’ ಎಂದು ದನಿಗೂಡಿಸುವುದು. ಒಂದು ಹಾಳೆಯ ಎರಡೂ ಬದಿ ಹೆಸರುಗಳೇ.

ಬೋಧಕರು ಕೂಗಾಡಲಿಲ್ಲ. ದೇವರು ಕಿವಿ ತೆರೆದು ಕೂತಿರುವಾಗ ಮಧ್ಯೆ ಇಷ್ಟು ಜನ ಯಾಕೆ ಎಂದು ಕೇಳಿದರು. ಅದು ನಡೆಯುವಷ್ಟು ಹೊತ್ತು ತಾನು ಹೊರಗೆ ನಿಂತಿರುತ್ತೇನೆ ಎಂದರು. ಅಜ್ಜಿ, ಆ ಹಾಳೆ ಹೋದರೆ ನಾನು ಮನೆಯಲ್ಲೇ ಕೂರುತ್ತೇನೆ ಎಂದಳು. ಪಾದ್ರಿಗಳು ಇಬ್ಬರ ಮಾತಿಗೂ ತಲೆಯಾಡಿಸಿ, ಮನೆಯವರೇ ಕೂತು ಮಾತಾಡಿಕೊಳ್ಳಿ ಎಂದು ಜಾರಿಕೊಂಡರು. ಮೊಮ್ಮಗಳು ಇದನ್ನೆಲ್ಲ ಕೇಳಿ, ಕೊನೆಗೆ ಒಂದೇ ಮಾತು ಹೇಳಿದಳು.

“ಅಜ್ಜಿ, ನೀನು, ಮಾವ ಇಬ್ಬರೂ ಒಳಗಿದ್ರೇನೇ ನಾನು ದೇವಾಲಯದ ಮೆಟ್ಟಿಲು ಹತ್ತೋದು. ಇಲ್ಲಾಂದ್ರೆ ಮದುವೆ ಮುಂದಕ್ಕೆ ಹೋಗುತ್ತೆ. ಎಷ್ಟು ಮುಂದಕ್ಕೆ ಅಂತ ನಿನ್ನ ಸಂತರನ್ನೇ ಕೇಳು.”

ಹಟದಲ್ಲಿ ಅವಳು ಅಜ್ಜಿಯ ಮೊಮ್ಮಗಳೇ. ಹೇಳಿದ್ದನ್ನು ಮಾಡುವವಳು. ಅಜ್ಜಿಗೆ ಎರಡು ದಿನ ಊಟ ಸೇರಲಿಲ್ಲ.

ಬುಧವಾರ ಮಧ್ಯಾಹ್ನ ಬೋಧಕರು ಒಬ್ಬರೇ ಬೈಂಡಿಂಗ್ ಅಂಗಡಿಗೆ ಬಂದರು. ಕೈಯಲ್ಲಿ ಬಟ್ಟೆಯ ಚೀಲ, ಮುಖದಲ್ಲಿ ಇಂಗು ತಿಂದ ಮಂಗನ ಕಳೆ. ಮಗ ರಟ್ಟು ತರಲು ಹೋಗಿದ್ದ. ಅಜ್ಜಿ ಕನ್ನಡಕದ ಮೇಲಿನಿಂದ ನೋಡಿ, ಬನ್ನಿ ಬೀಗರೇ, ಎಂದು ಸ್ಟೂಲು ತೋರಿಸಿದಳು. ಅವರು ಕೂರಲಿಲ್ಲ. ಚೀಲವನ್ನು ಮೇಜಿನ ಮೇಲೆ ಬಗ್ಗಿಸಿದರು. ಅವರ ಸಭೆಗೆಂದು ಕೊಟ್ಟಿದ್ದ ಮೂವತ್ತು ಕಿರುಪುಸ್ತಕಗಳು, ಜೊತೆಗೆ ಮೂವತ್ತು ಬಿಡಿ ಹಾಳೆಗಳು ಜಾರಿ ಹರಡಿದವು.

ಅಜ್ಜಿ ಒಂದನ್ನು ಬಿಚ್ಚಿ ನೋಡಿದಳು. ನೋಡಿದ್ದೇ ತಡ ಎಲ್ಲ ಅರ್ಥವಾಯಿತು. ಒಂದು ದೊಡ್ಡ ಹಾಳೆಯನ್ನು ಮೂರು ಸಲ ಮಡಿಸಿದರೆ ಎಂಟು ಎಲೆ. ಹೊಲಿಗೆ ಬೀಳುವುದು ಮಡಿಕೆಯ ಮೇಲೆ. ಮೂರನೆಯ ಎಲೆಯೂ ಆರನೆಯ ಎಲೆಯೂ ಮಡಿಕೆಯ ಒಳಗೆ ಒಂದೇ ಕಾಗದ. ಬೋಧಕರು ಯಾರಿಗೂ ನೋವಾಗದಿರಲೆಂದು ತಮ್ಮ ಮೂವತ್ತರಿಂದ ಮಾತ್ರ ಮೂರನೆಯದಾದ ಸಂತರ ಎಲೆಯನ್ನು ಬ್ಲೇಡಿನಿಂದ ಮಡಿಕೆಗಂಟಿಕೊಂಡೇ ನೀಟಾಗಿ ಕೊಯ್ದಿದ್ದರು. ಅಷ್ಟು ನೀಟಾಗಿ ಕೊಯ್ದದ್ದೇ ತಪ್ಪಾಯಿತು. ಹಿಂದಿನ ಸಂಜೆ ಸಭೆಯಲ್ಲಿ ಹಾಡು ಕಲಿಯಲು ಪುಸ್ತಕ ತೆರೆದರೆ, ಎಲ್ಲರ ಕೈಯಿಂದಲೂ ಆರನೆಯ ಎಲೆ ಗಾಳಿಪಟದಂತೆ ನೆಲಕ್ಕಿಳಿದಿತ್ತು. ಅದರಲ್ಲಿದ್ದುದು ಯೇಸು ಸ್ವಾಮಿ ತಾನೇ ಕಲಿಸಿದ ಪ್ರಾರ್ಥನೆ.

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಕನ್ನಡಕ ತೆಗೆದು, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಬೋಧಕರು ತಲೆ ಕೆರೆದುಕೊಂಡು, ಕೊಯ್ದ ಹಾಳೆಗಳನ್ನು ಕಸಕ್ಕೆ ಹಾಕಲು ಕೈ ಬರಲಿಲ್ಲ ಎನ್ನುತ್ತ ಜೇಬಿನಿಂದ ಒಂದು ದಪ್ಪ ಲಕೋಟೆ ತೆಗೆದರು. ಸಂತರೆಲ್ಲ ಅದರೊಳಗೆ ಭದ್ರವಾಗಿದ್ದರು.

“ಇದರಲ್ಲಿ ದೇವರು ನನಗೆ ಏನೋ ಪಾಠ ಹೇಳ್ತಿದಾನೆ ಅಂತೀರೇನೋ,” ಎಂದರು.

“ಇಲ್ಲ ಬೀಗರೇ. ಕಾಗದದ ಲೆಕ್ಕ ಬೇರೆ, ದೇವರ ಲೆಕ್ಕ ಬೇರೆ. ಬರೀ ಬಿಳಿ ಪಟ್ಟಿ ಅಂಟಿಸಿ ಹೊಲಿದ್ರೂ ಆ ಎಲೆ ನಿಲ್ಲುತ್ತೆ. ಸಂತರು ಬೇಕೋ ಬಿಳಿ ಪಟ್ಟಿ ಬೇಕೋ, ನೀವೇ ಹೇಳಿ.”

ಅವರು ಸ್ಟೂಲೆಳೆದು ಕೂತು, ಮೊದಲು ಹಳೆಯ ಹೊಲಿಗೆ ಬಿಚ್ಚೋಣ, ಆಮೇಲೆ ಹೇಳುತ್ತೇನೆ ಎಂದರು. ಪಂಕ್ಚರ್ ಹಾಕಿ ಪಳಗಿದ ಕೈ. ಎರಡನೆಯ ಪುಸ್ತಕದ ಹೊತ್ತಿಗೇ ಹಾಳೆ ಹರಿಯದಂತೆ ದಾರ ಹೇಗೆ ಎಳೆಯಬೇಕೆಂದು ತಿಳಿದುಹೋಗಿತ್ತು. ಕೈ ಕೆಲಸಕ್ಕೆ ಬಿದ್ದರೆ ಬಾಯಿ ತಾನಾಗಿ ಸಡಿಲವಾಗುತ್ತದೆ. ಏಳೆಂಟು ಪುಸ್ತಕ ಬಿಚ್ಚಿದ ಮೇಲೆ ಬೋಧಕರು ಮೆಲ್ಲಗೆ, ಇಷ್ಟು ವರ್ಷದಲ್ಲಿ ಒಂದು ಸಲವಾದರೂ ನೇರವಾಗಿ ಮಾತಾಡಬೇಕು ಅನ್ನಿಸಲಿಲ್ಲವೇ ಎಂದು ಕೇಳಿದರು. ಅದು ವಾದದ ದನಿಯಲ್ಲ. ಅದಕ್ಕೇ ಅಜ್ಜಿ ಯಾರಿಗೂ ಹೇಳದ್ದನ್ನು ಹೇಳಿದಳು.

ಅವಳ ತವರಿನಲ್ಲಿ ಮಕ್ಕಳು ಅಪ್ಪನ ಜೊತೆ ಮಾತಾಡುವ ವಾಡಿಕೆಯೇ ಇರಲಿಲ್ಲ. ಸ್ಲೇಟು ಒಡೆದರೆ ಅಮ್ಮನಿಗೆ, ಚಪ್ಪಲಿ ಸವೆದರೆ ಅಮ್ಮನಿಗೆ. ಅಮ್ಮ ಹೊತ್ತು ನೋಡಿ, ಅಪ್ಪನ ಮುಖ ನೋಡಿ, ಊಟವಾದ ಮೇಲೆ ವಿಷಯ ತೆಗೆಯುವಳು. ಮರುದಿನ ಹೊಸ ಸ್ಲೇಟು ಬಂದಿರುತ್ತಿತ್ತು.

“ಅಪ್ಪ ಕೆಟ್ಟೋನಲ್ಲ. ಒಂದು ದಿನ ಗದರಿದ್ದಿಲ್ಲ. ಕೇಳಿದ್ದೆಲ್ಲ ಕೊಟ್ಟ. ಆದ್ರೂ ಎದುರಿಗೆ ಹೋದ್ರೆ ನಾಲಿಗೆ ಏಳ್ತಿರಲಿಲ್ಲ. ಹಾಗೇ ಹೊರಟೋದ. ಈಗ ಆ ದೊಡ್ಡ ಅಪ್ಪನ ಮುಂದೆ ನಿಂತು ಏನು ಅಂತ ಶುರು ಮಾಡಲಿ?”

ಬೋಧಕರು ಬಿಚ್ಚುತ್ತಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟರು.

“ನನ್ನ ಅಮ್ಮನ ಮುಖ ನಾನು ನೋಡಿಲ್ಲ, ಅಮ್ಮಾ. ನಮ್ಮನೇಲಿ ಇದ್ದೋನು ಅಪ್ಪ ಒಬ್ಬನೇ. ಹಸಿವಾದ್ರೂ ಅಪ್ಪ, ಜ್ವರ ಬಂದ್ರೂ ಅಪ್ಪ. ಹಲ್ಲು ಅಲ್ಲಾಡಿದ್ರೂ ಓಡಿಹೋಗಿ ಅವನಿಗೇ ತೋರಿಸ್ತಿದ್ದೆ.”

ಅಜ್ಜಿ ದಾರಕ್ಕೆ ಮೇಣ ಉಜ್ಜುತ್ತ ಅದನ್ನೇ ಯೋಚಿಸಿದಳು. ಈ ಮನುಷ್ಯ ತನ್ನ ಸಂತರನ್ನು ಮನೆಯಿಂದಾಚೆ ಹಾಕಲು ಹೊರಟವನೆಂದು ಇಷ್ಟು ದಿನ ತಿಳಿದಿದ್ದಳು. ಅವನ ಮನೆಯಲ್ಲಿ ಆಚೆ ಹಾಕಲು ಯಾರಾದರೂ ಇದ್ದರೆ ತಾನೇ!

ಆಮೇಲೆ, ಬೋಧಕರ ತೀರಿಕೊಂಡ ಹೆಂಡತಿಯ ವಿಷಯ ಕೇಳಿದಳು. ಮಗನ ಮದುವೆಯ ಸುದ್ದಿ ಅವರಿಗೆ ಗೊತ್ತೇ ಎಂದಳು, ಆ ಹೆಂಗಸು ಪಕ್ಕದ ಊರಿಗೆ ಹೋದವಳೇನೋ ಎಂಬಂತೆ. ಸತ್ತವರ ಜೊತೆ ನಾವು ಮಾತಾಡುವುದಿಲ್ಲ ಎಂದರು ಬೋಧಕರು. ಇನ್ನೊಂದು ಪುಸ್ತಕದ ದಾರ ಬಿಚ್ಚಿದರು. ಮತ್ತೆ, ತಲೆ ಎತ್ತದೆ:

“ಆದ್ರೆ ದಿನಾ ಪ್ರಾರ್ಥನೆ ಮುಗಿಸೋವಾಗ ದೇವರಿಗೆ ಒಂದು ಮಾತು ಹೇಳ್ತೀನಿ. ಹುಡುಗಿ ಒಳ್ಳೆಯವಳು, ಸೊಸೆ ಬರ್ತಿದಾಳೆ, ನನ್ನವಳಿಗೆ ಸ್ವಲ್ಪ ತಿಳಿಸಿಬಿಡು ಅಂತ.”

ಅಜ್ಜಿಯ ಕೈ ನಿಂತಿತು.

“ಅಲ್ಲಾ ಬೀಗರೇ, ನಾನು ದೇವರಿಗೆ ಹೇಳೋದನ್ನ ಅವನ ಕಡೆಯವರ ಕೈಲಿ ಹೇಳಿ ಕಳಿಸ್ತೀನಿ. ನೀವು ಹೆಂಡತಿಗೆ ಹೇಳೋದನ್ನ ದೇವರ ಕೈಲೇ ಹೇಳಿ ಕಳಿಸ್ತೀರಿ. ನಮ್ಮಿಬ್ಬರಲ್ಲಿ ಸಲಿಗೆ ಜಾಸ್ತಿ ಯಾರದು?”

ಬೋಧಕರು ಉತ್ತರಕ್ಕೆ ಬಾಯಿ ತೆರೆದರೆ ನಗು ಬಂತು. ಹೊಟ್ಟೆ ಹಿಡಿದು ನಕ್ಕರು. ರಟ್ಟು ಹೊತ್ತು ಬಾಗಿಲಿಗೆ ಬಂದ ಮಗ, ಎರಡು ದಿನ ಗುಮ್ಮೆಂದಿದ್ದ ಕೋಣೆಯಲ್ಲಿ ಈ ಸದ್ದು ಕೇಳಿ ಒಳಗೆ ಬರಲೋ ಬೇಡವೋ ಎಂದು ನಿಂತುಬಿಟ್ಟ.

ಬಿಳಿ ಪಟ್ಟಿ ಬೇಡ, ಸಂತರ ಎಲೆಯನ್ನೇ ಅಂಟಿಸಿ ಎಂದರು ಬೋಧಕರು. ತಾನು ಒಪ್ಪಿದ್ದೇನೆ ಎಂದು ಅರ್ಥವಲ್ಲ, ತನ್ನ ಬಾಯಿಂದ ಆ ಹೆಸರುಗಳು ಬರುವುದಿಲ್ಲ. ಆದರೆ ಒಳಗೆ ಕೂತಿರುತ್ತೇನೆ, ಎದ್ದು ಹೋಗುವುದಿಲ್ಲ. ಅದಕ್ಕೆ ಬದಲಾಗಿ ಅಜ್ಜಿಯೂ ಒಂದು ಕೆಲಸ ಮಾಡಬೇಕು. ಮಕ್ಕಳ ತಲೆಯ ಮೇಲೆ ಕೈಯಿಟ್ಟು ಒಂದು ಪ್ರಾರ್ಥನೆ, ನಡುವೆ ಯಾರೂ ಇಲ್ಲದೆ, ನೇರವಾಗಿ. ಒಂದು ಮಾತಾದರೂ ಸಾಕು. ಅಜ್ಜಿ ಸೂಜಿಗೆ ದಾರ ಪೋಣಿಸುತ್ತ ಹೂಂ ಎಂದಳು.

ಗುರುವಾರ, ಶುಕ್ರವಾರ ಹೊಲಿಯುತ್ತ ಹೊಲಿಯುತ್ತ ಅಭ್ಯಾಸ ಮಾಡಿದಳು. ಅಪ್ಪಾ ಎನ್ನುವವರೆಗೆ ಬರುತ್ತಿತ್ತು, ಮುಂದೆ ನಾಲಿಗೆ ಏಳುತ್ತಿರಲಿಲ್ಲ. ಕಡೆಗೆ, ನೋಡು ನನ್ನ ಗತಿಯನ್ನ, ಎಂದು ದೇವಮಾತೆಗೇ ದೂರು ಹೇಳಿದಳು.

ಶನಿವಾರ ಮೊಮ್ಮಗಳು ಮೆಟ್ಟಿಲ ಬುಡದಲ್ಲಿ ನಿಂತು ಇಣುಕಿದಳು. ಮುಂದಿನ ಬೆಂಚಿನಲ್ಲಿ ಒಂದು ಕಡೆ ಅಜ್ಜಿ, ಇನ್ನೊಂದು ಕಡೆ ಬೋಧಕರು. ಅವಳು ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದಳು. ಮನವಿಮಾಲೆ ಶುರುವಾಯಿತು. ಬೋಧಕರ ಸಭೆಯವರು ಅವರ ಬೆನ್ನನ್ನೇ ನೋಡುತ್ತಿದ್ದರು. ಬೋಧಕರು ಕೈಕಟ್ಟಿ, ತುಟಿ ಬಿಗಿದು ಕೂತೇ ಇದ್ದರು. ಆದರೆ ರಾಗ ಚೆನ್ನಾಗಿತ್ತು. ಹತ್ತನೆಯ ಸಂತನ ಹೊತ್ತಿಗೆ ಬೆಂಚಿನ ಕೆಳಗೆ ಅವರ ಬಲಗಾಲು ತಾಳ ಹಾಕತೊಡಗಿತ್ತು. ಅಜ್ಜಿ ಕಂಡೂ ಕಾಣದಂತೆ ಕತ್ತು ತಿರುಗಿಸಿಕೊಂಡಳು.

ಬೋಧಕರ ಪ್ರಾರ್ಥನೆ ನೀರು ಕುಡಿದಷ್ಟು ಸಲೀಸಾಗಿ ಹರಿದು ಮುಗಿಯಿತು. ಅಜ್ಜಿ ಎದ್ದಳು. ಒಂದು ಕೈ ಮೊಮ್ಮಗಳ ತಲೆಯ ಮೇಲೆ, ಒಂದು ಕೈ ಹುಡುಗನ ತಲೆಯ ಮೇಲೆ. ಕಣ್ಣು ಮುಚ್ಚಿದಳು.

“ಅಪ್ಪಾ,” ಎಂದಳು.

ಮುಂದೆ ಏನೂ ಬರಲಿಲ್ಲ.

“ಅಪ್ಪಾ, ನಾನು. ಪುಸ್ತಕ ಹೊಲಿಯೋಳು. ಇವಳ ಅಜ್ಜಿ.”

“ಅವನಿಗೆ ಗೊತ್ತು, ಅಮ್ಮಾ,” ಎಂದು ಬೋಧಕರು ಪಿಸುಗುಟ್ಟಿದರು. “ಮುಂದೆ ಹೇಳಿ.”

“ಗೊತ್ತಿರಬಹುದು. ಮೊದಲನೇ ಸಲ ಬಂದಿದೀನಿ, ಯಾರು ಅಂತ ಹೇಳ್ಕೋಬೇಡವೇ?”

ಹಿಂದಿನ ಬೆಂಚಿನಿಂದ ಒಂದು ನಗೆ ಎದ್ದು ಮುಂದಿನವರೆಗೂ ಹರಿದು ಬಂತು. ಪಾದ್ರಿಗಳೂ ನಕ್ಕರು. ಆ ನಗೆಯಲ್ಲಿ ಅಜ್ಜಿಯೊಳಗೆ ಎಪ್ಪತ್ತು ವರ್ಷದಿಂದ ಬಿಗಿದಿದ್ದ ಗಂಟೊಂದು ತಾನಾಗಿ ಸಡಿಲಿತು. ಮಾತು ಬಂತು. ಈ ಮಕ್ಕಳು ಒಬ್ಬರ ಹತ್ತಿರ ಒಬ್ಬರು ಯಾವುದನ್ನೂ ಬಚ್ಚಿಡದಿರಲಿ ಎಂದು ಕೇಳಿದಳು. ಮಗನ ಸೊಂಟನೋವು ಹೇಳಿದಳು, ಸೈಕಲ್ ಅಂಗಡಿಯ ಸೋರುವ ಮಾಡು ಹೇಳಿದಳು. ಸ್ಲೇಟಿಗೆ ಥ್ಯಾಂಕ್ಸ್ ಹೇಳಿರಲಿಲ್ಲ, ಅದನ್ನೂ ಹೇಳಿದಳು. ಯಾವ ಸ್ಲೇಟೆಂದು ತಿಳಿದವರು ಒಬ್ಬರೇ, ಅವರು ಕಣ್ಣೊರೆಸಿಕೊಂಡರು. ಬೀಗರ ಹೆಂಡತಿಗೆ ಇಲ್ಲಿನ ಸಡಗರ ತಿಳಿಸುವಂತೆ ಕೇಳಿಕೊಂಡಳು. ಆಮೇಲೆ ಬೀದಿಯವರ ಸರದಿ ಬಂತು. ಮೊಮ್ಮಗಳ ಕತ್ತು ನೋಯತೊಡಗಿತು. ಪಾದ್ರಿಗಳು ಗಡಿಯಾರ ನೋಡಿಕೊಂಡರು. ಬೋಧಕರು ಕೆಮ್ಮಿ, ಕೊಂಚ ಗಟ್ಟಿಯಾಗಿಯೇ ಆಮೆನ್ ಎಂದರು.

ಅಜ್ಜಿ ಒಂದು ಕಣ್ಣು ತೆರೆದಳು.

“ಇನ್ನೂ ಮುಗಿದಿಲ್ಲ ಬೀಗರೇ,” ಎಂದು ಮತ್ತೆ ಮುಚ್ಚಿದಳು.