ಓಕ್‌ವಿಲ್ಲಿನಲ್ಲಿ ಗಂಗಿಪೂಜೆ

"ಇಷ್ಟೂ ಹುಡುಗ್ರು ಯಾರವು?"

ಸುಶೀಲವ್ವ ಯಾರ ಮುಖವನ್ನೂ ನೋಡದೆ ಕೇಳಿದರು. ಯೂನಿಯನ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಅವರ ಸುತ್ತ ಮಕ್ಕಳು ಹೆಚ್ಚುತ್ತಲೇ ಇದ್ದವು. ಒಬ್ಬಾತ ಮಗುವಿನ ತಳ್ಳುಗಾಡಿಯ ಹಿಡಿಕೆಯನ್ನು ಅವರ ಕೈಗೆ ದಾಟಿಸಿ ಟಿಕೆಟ್ಟಿಗೆ ಹೋಗಿದ್ದ. ಇನ್ನೊಬ್ಬಳು "ಅಜ್ಜಿ ಜೊತೆ ನಿಂತ್ಕೋ ಪುಟ್ಟಾ" ಎಂದು ಮಗಳನ್ನು ಅವರ ಸೆರಗಿಗೆ ಜೋತುಬಿಟ್ಟು ಕಾಫಿಗೆ ಹೋಗಿದ್ದಳು. ಅವರ ಸ್ವಂತ ಮೊಮ್ಮಗಳು, ಕೂಸು ಸುರಭಿ, ಆಗಲೇ ಹೆಗಲ ಮೇಲೆ ನಿದ್ದೆ ಹೋಗಿತ್ತು.

ಈ ದಿನಕ್ಕಾಗಿ ಸುಶೀಲವ್ವ ಕಾದದ್ದು ಚಳಿಗಾಲದಿಂದ. ಮಗಳು ದೀಪ್ತಿಯ ಬಾಣಂತನಕ್ಕೆಂದು ಧಾರವಾಡದಿಂದ ಪರದೇಶದ ಈ ಥಾರ್ನ್‌ಹಿಲ್ಲಿಗೆ ಬಂದವರು ಅವರು. ಹೆತ್ತವಳು ಗಂಗಿಪೂಜೆ ಮಾಡದೆ ನೀರಿನ ಕೊಡ ಮುಟ್ಟುವಂತಿಲ್ಲ. ಬಾವಿಯೋ ಹಳ್ಳವೋ, ನೀರಿನ ಅಂಚಿಗೆ ಹೋಗಿ ಐದು ಹರಳು ಕೂರಿಸಿ, ಅರಿಶಿನ ಕುಂಕುಮವೇರಿಸಿ, ಕೂಸಿನ ನೆತ್ತಿಗೆ ಆ ನೀರನ್ನು ಹಚ್ಚಿಯೇ ಬಾಣಂತನ ಮುಗಿಯಬೇಕು. ಜನವರಿಯಲ್ಲಿ ಇಲ್ಲಿ ನೀರೆಲ್ಲ ಕಲ್ಲಾಗಿತ್ತು. "ಕಿಚನ್ ನಲ್ಲಿಗೇ ಕುಂಕುಮ ಹಚ್ಚಿಬಿಡ್ರಿ ಅತ್ತಿ, ಗಂಗವ್ವ ಪೈಪಿನಾಗೂ ಇರ್ತಾಳ" ಎಂದು ಅಳಿಯ ಹರ್ಷವರ್ಧನ್ ನಕ್ಕಿದ್ದ. ಅವರು ಒಪ್ಪಲಿಲ್ಲ. ಹಿಮ ಕರಗಲಿ ಎಂದರು. ಹಿಮ ಕರಗಿತು. ಈ ವಾರ ಆಫೀಸು, ಮುಂದಿನ ವಾರ ಯಾರದೋ ಮನೆ ಊಟ ಎಂದು ಜೂನ್ ಬಂತು. ಬರುವ ವಾರ ಅವರ ವಿಮಾನ.

ಅಷ್ಟರಲ್ಲಿ ಹರ್ಷನ ಗೆಳೆಯ, ಬೆಂಗಳೂರಿನ ವಿಕ್ರಮ್, ಫೋನು ಮಾಡಿದ. "ಆಂಟಿ, ಈ ಟ್ರಿಪ್ಪು ನಿಮ್ಮಂಥ ಹಿರಿಯರಿಗೋಸ್ಕರಾನೇ. ರೈಲಲ್ಲಿ ಓಕ್‌ವಿಲ್‌ಗೆ ಹೋಗೋದು, ಲೇಕ್ ನೋಡೋದು, ಆರಾಮಾಗಿ ಬರೋದು. ಪೂರ್ತಿ ನಿಮ್ ದಿನ."

ಬಂದ ಹಿರಿಯರು ಇಬ್ಬರೇ. ಸುಶೀಲವ್ವ, ಮತ್ತು ವಿಕ್ರಮ್‌ನ ತಾಯಿ, ಮೈಸೂರಿನ ವಸಂತಾ.

ಹಸಿರು ಬಿಳಿ ಬಣ್ಣದ ಎರಡಂತಸ್ತಿನ ರೈಲು ಬಂದು ನಿಂತಾಗ ಗಂಡಹೆಂಡಿರ ಗುಂಪು ನಗುತ್ತ ಮೆಟ್ಟಿಲು ಹತ್ತಿ ಮೇಲೆ ಹೋಯಿತು. ತಳ್ಳುಗಾಡಿಗಳು ಮೇಲೆ ಹತ್ತುವುದಿಲ್ಲವಲ್ಲ, ಅವು ಕೆಳಗೇ ಉಳಿದವು. ಅವುಗಳ ಜೊತೆಗೆ ಹಿರಿಯರೂ ಉಳಿದರು. ದೀಪ್ತಿ ಮೆಟ್ಟಿಲ ನಡುವೆ ನಿಂತು, "ಅವ್ವಾ, ಒಂದ್ ಕ್ಷಣಾ ಹೋಗಿ ಬರ್ತೀನಿ, ಎಲ್ಲಾರೂ ಕರೀಲಿಕ್ಕತ್ತಾರ" ಎಂದಳು. ಕಿಟಕಿಯಾಚೆ ಗೋದಾಮುಗಳ ಬೆನ್ನು ಓಡಿದವು. ದಾರಿಯಲ್ಲಿ ಒಂದು ಕಡೆ ಮೇಲಿನಿಂದ "ಲೇಕ್, ಲೇಕ್ ನೋಡ್ರೋ" ಎಂಬ ಕೂಗು ಕೇಳಿತು. ಸುಶೀಲವ್ವ ಕೂಸನ್ನು ಸರಿಸಿ ಕತ್ತು ಹೊರಳಿಸುವಷ್ಟರಲ್ಲಿ ಗೋಡೆ ಬಂದಿತ್ತು.

"ಎಲ್ಲಾ ಟ್ರಿಪ್ಪೂ ಹಿಂಗಽ ಏನ್ರಿ?" ಎಂದು ಕೇಳಿದರು.

ವಸಂತಾ ಮಗುವೊಂದರ ಮೂಗು ಒರೆಸುತ್ತಿದ್ದರು. "ಹೋದ ವರ್ಷ ನಯಾಗರಕ್ಕೆ ಕರ್ಕೊಂಡ್ ಹೋಗಿದ್ರು. ಜಲಪಾತದ ಶಬ್ದ ಚೆನ್ನಾಗಿ ಕೇಳಿಸ್ತು. ಕಾರಲ್ಲಿ ಮಗು ಮಲಗಿತ್ತಲ್ಲ, ನಾನು ಇಳೀಲಿಲ್ಲ."

ಅವರು ಅದನ್ನು ನಗುತ್ತಲೇ ಹೇಳಿದರು. ಸುಶೀಲವ್ವನಿಗೆ ನಗು ಬರಲಿಲ್ಲ.

ಓಕ್‌ವಿಲ್ಲಿನಲ್ಲಿ ಇಳಿದು ಬಹಳ ದೂರ ನಡೆದ ಮೇಲೆ ಮಕ್ಕಳ ಆಟದ ಮೈದಾನವೊಂದು ಸಿಕ್ಕಿತು. ಜಾರುಬಂಡಿ, ಉಯ್ಯಾಲೆ, ಮರಳು. ರಸ್ತೆಯ ಕೊನೆಗೆ, ಮರಗಳ ಸಂದಿಯಲ್ಲಿ, ನೀಲಿಯ ಒಂದು ಎಳೆ. ಸುಶೀಲವ್ವ ಅದನ್ನು ಕಂಡದ್ದೇ ಮುಂದಕ್ಕೆ ಹೆಜ್ಜೆಯಿಟ್ಟರು. ವಿಕ್ರಮ್ ಅಡ್ಡ ಬಂದ.

"ಆಂಟಿ, ಇಲ್ಲೇ ಇರಿ. ನೀರಿನ ಹತ್ರ ಒಂದು ರೆಸ್ಟೋರೆಂಟಲ್ಲಿ ಟೇಬಲ್ ಬುಕ್ ಮಾಡಿದ್ವಿ, ಚಿಕ್ಕ ಮಕ್ಕಳನ್ನ ಬಿಡಲ್ವಂತೆ. ಹಿಂಗ್ ಹೋಗಿ ಹಂಗ್ ಬಂದ್ಬಿಡ್ತೀವಿ."

"ಪೂಜಿ ಮಾಡೂದೈತಿ, ತಮ್ಮಾ. ದೀಪ್ತಿನ್ನ ಬಿಟ್ಟು ಹೋಗ್ರಿ."

"ಅವ್ರ ಸೀಟೂ ಸೇರಿಸಿ ಹೇಳಿದೀವಿ ಆಂಟಿ. ಬಂದ್ಮೇಲೆ ಎಲ್ರೂ ಒಟ್ಟಿಗೆ ಹೋಗೋಣ. ನಿಮ್ ಪೂಜೆ ವಿಡಿಯೋನೂ ತೆಗಿಯೋಣ, ಸೂಪರಾಗಿರತ್ತೆ."

ದೀಪ್ತಿ ಕೂಸಿನ ಹಾಲಿನ ಬಾಟಲಿಯನ್ನು ತಾಯಿಯ ಚೀಲದಲ್ಲಿಟ್ಟಳು. ಏನೋ ಹೇಳಹೊರಟವಳನ್ನು ಹರ್ಷ ಮೊಣಕೈ ಹಿಡಿದು ಕರೆದುಕೊಂಡು ಹೋದ.

ನೆರಳು ಮರದ ಬುಡದಿಂದ ಜರುಗಿತು. ಒಂದು ಮಗು ಮರಳು ತಿಂದಿತು, ಇನ್ನೊಂದು ಚಡ್ಡಿ ಒದ್ದೆ ಮಾಡಿಕೊಂಡಿತು. ವಿಕ್ರಮ್‌ನ ಮಗ ಕುನಾಲ್ ಜಾರುಬಂಡಿಯ ತುದಿಯಲ್ಲಿ ಕುಳಿತು "ಐ ವಾಂಟ್ ಮೈ ಮಾಮ್" ಎಂದು ಅರಚಿದ. "ನನಗೂ ಬೇಕಪಾ ನಿಮ್ಮವ್ವ" ಎಂದು ಸುಶೀಲವ್ವ ಅವನನ್ನು ಎತ್ತಿ ಇಳಿಸಿದರು. ವಸಂತಾ ಬುತ್ತಿಯ ಗಂಟು ಬಿಚ್ಚಿ, ರೊಟ್ಟಿಗೆ ಶೇಂಗಾ ಚಟ್ನಿ ಸವರಿ ಮಕ್ಕಳಿಗೆ ಸುತ್ತಿ ಕೊಟ್ಟರು. ಒಂದನ್ನು ಸುಶೀಲವ್ವನ ಮುಂದೆಯೂ ಹಿಡಿದರು.

"ಪೂಜಿ ಆಗಲಿ."

"ನೀರಾದ್ರೂ ಕುಡೀರಿ."

"ಅದನ್ನಽ ಪೂಜಿ ಮಾಡಬೇಕಂತ ಬಂದೀನಲ್ರಿ. ಹೆಂಗ ಕುಡೀಲಿ?" ಅವರು ರಸ್ತೆಯ ಕೊನೆಯನ್ನೇ ನೋಡಿದರು. "ನಮ್ಮನ್ನ ಕರಕೊಂಡು ಬಂದಾರೋ, ಸಾಮಾನಿನಂಗ ಹೊತಗೊಂಡು ಬಂದಾರೋ? ಆಯಾ ಬೇಕು ಅಂದಿದ್ರ ಆಯಾ ಅಂತಽ ಬರ್ತಿದ್ದೆ. ಮನ್ಯಾಗ ಮಾಡೂದಿಲ್ಲೇನು, ಇಲ್ಲೂ ಮಾಡ್ತಿದ್ದೆ. ಹಿರಿಯರ ದಿನ ಅಂತ ಯಾಕ ಹೇಳಬೇಕು? ಆ ಮಾತು ಯಾಕ ಬೇಕಿತ್ತು?"

"ಹೋಗ್ಲಿ ಬಿಡಿ. ಮಕ್ಕಳು ದುಡಿದು ದಣಿದಿರ್ತವೆ."

"ನಾವು ದಣಿಯೂದಿಲ್ಲೇನ್ರಿ?"

ವಸಂತಾ ರೊಟ್ಟಿಯ ಸುರುಳಿಯನ್ನು ಕೈಯಲ್ಲೇ ಹಿಡಿದು ಕುಳಿತರು. ಆ ಮೇಲೆ ಅವರೂ ತಿನ್ನಲಿಲ್ಲ.

ಬಾಟಲಿ ಬರಿದಾಯಿತು. ಸುರಭಿ ಎದ್ದು ಅತ್ತಿತು, ಅತ್ತು ಅತ್ತು ಮುಖ ಕೆಂಪೇರಿತು. ಆ ಅಳುವಿಗೆ ಉತ್ತರವೆಂಬಂತೆ ರಸ್ತೆಯ ತಿರುವಿನಲ್ಲಿ ದೀಪ್ತಿ ಕಾಣಿಸಿಕೊಂಡಳು. ಒಬ್ಬಳೇ, ಅರ್ಧ ಓಡುತ್ತ, ದುಪಟ್ಟಾವನ್ನು ಎದೆಗೆ ಒತ್ತಿ ಹಿಡಿದು. ಕುರ್ತಾದ ಎದೆ ಒದ್ದೆಯಾಗಿತ್ತು. ಕೂಸನ್ನು ಕಸಿದುಕೊಂಡಂತೆ ಎತ್ತಿಕೊಂಡು ಮರದ ಹಿಂದೆ ಕುಳಿತಳು.

"ಯಾವಾಗಿಂದನೋ ಏಳ್ತೀನಿ ಅಂತಿದ್ದೆ," ಎಂದಳು. "ಕೇಕ್ ಬರ್ತದ, ಕಾಫಿ ಬರ್ತದ ಅಂದ್ರು. ಎದಿ ಬಿಗದು ಕಲ್ಲಾಗಿತ್ತವ್ವಾ. ಎಲ್ಲಾರ ಮುಂದ ಹೆಂಗ ಹೇಳ್ಲಿ?"

"ನೀ ಉಂಡೇನವಾ?"

"ಉಂಡೆ. ನೀ?"

ಸುಶೀಲವ್ವ ಮಗಳ ದುಪಟ್ಟಾ ಸರಿಮಾಡಿದರು. "ನಿಮ್ಮಮ್ಮ ಬೆಳಗಿಂದ ಒಂದು ಹನಿ ನೀರೂ ಬಾಯಿಗೆ ಹಾಕಿಲ್ಲ ಕಣಮ್ಮ," ಎಂದರು ವಸಂತಾ. ದೀಪ್ತಿ ತಲೆ ಎತ್ತಿ ತಾಯಿಯನ್ನು ನೋಡಿದಳು.

ಆಗ ಉಳಿದವರು ಬಂದರು. ಬಿಸಿಲಿಗೆ ಕೆಂಪಾದ ಮುಖಗಳು, ಕೊರಳಲ್ಲಿ ಕ್ಯಾಮೆರಾಗಳು. ವಿಕ್ರಮ್ ದೂರದಿಂದಲೇ ಕೈಗಡಿಯಾರ ತಟ್ಟಿದ. "ಎಲ್ರೂ ಬೇಗ ಬೇಗ. ಈಗಿನ ಟ್ರೈನ್ ತಪ್ಪಿದ್ರೆ ಇನ್ನೊಂದು ಗಂಟೆ ಕಾಯ್ಬೇಕು. ಸಂಜೆ ನಮ್ಮನೇಲಿ ಪಾರ್ಟಿ ಇದೆ."

"ನೀರಿಗೆ ಹೋಗೂದೈತಲ್ಲ," ಎಂದರು ಸುಶೀಲವ್ವ.

"ಅಯ್ಯೋ, ಅದು ಮರ್ತೇಹೋಯ್ತು ಆಂಟಿ. ನೆಕ್ಸ್ಟ್ ಟೈಮ್ ಪಕ್ಕಾ."

"ಬರೂ ವಾರ ನಾ ಊರಿಗೆ ಹೋಗ್ತೀನಿ."

"ಹಂಗಾದ್ರೆ ಮನೇಲೇ, ಟಬ್ಬಲ್ಲಿ ನೀರು ತುಂಬ್ಸಿ..." ಅವನು ನಗುತ್ತ ಹರ್ಷನ ಕಡೆ ನೋಡಿದ. ಹರ್ಷ ತಳ್ಳುಗಾಡಿಯ ಪಟ್ಟಿ ಬಿಗಿಯತೊಡಗಿದ.

ಸುಶೀಲವ್ವ ಸೆರಗು ಕೊಡವಿ ಎದ್ದರು. ಕೈ ಹಿಡಿದು ನಿಂತಿದ್ದ ಕುನಾಲ್‌ನನ್ನು ಅವನ ತಂದೆಯ ಕೈಗೆ ಕೊಟ್ಟರು. "ನಿಮ್ಮ ನಿಮ್ಮ ಹುಡುಗ್ರನ್ನ ಎಣಿಸಿ ತೊಗೋರಿ," ಎಂದರು. ಆ ಮೇಲೆ ಸ್ಟೇಷನ್ನಿಗೆ ಬೆನ್ನು ಹಾಕಿ, ರಸ್ತೆಯ ಇಳಿಜಾರಿನಲ್ಲಿ ನಡೆಯತೊಡಗಿದರು. ವಸಂತಾ ಒಂದು ಗಳಿಗೆ ಮಗನನ್ನು ನೋಡಿದರು, ಬುತ್ತಿಯ ಗಂಟು ಎತ್ತಿಕೊಂಡರು, ಅವರ ಹಿಂದೆಯೇ ಹೊರಟರು.

"ಅಮ್ಮಾ, ನೀನೆಲ್ಲಿಗೆ?" ಎಂದ ವಿಕ್ರಮ್. ವಸಂತಾ ತಿರುಗಲಿಲ್ಲ. ಅವನು ದೀಪ್ತಿಯತ್ತ ಬಂದ, ದನಿ ತಗ್ಗಿಸಿದ. "ಏನ್ರೀ ಇದು, ಎಲ್ರೂ ಕಾಯ್ತಿದಾರೆ. ನಿಮ್ಮಮ್ಮಂಗೆ ನೀವಾದ್ರೂ ಸ್ವಲ್ಪ ಹೇಳಿ, ವಾಪಸ್ ಬರಕ್ಕೆ."

ದೀಪ್ತಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಂತಳು. ಇಳಿಜಾರಿನಲ್ಲಿ ಎರಡು ಸೀರೆಗಳು ಗಾಳಿಗೆ ಹಾರುತ್ತ ಸಣ್ಣದಾಗುತ್ತಿದ್ದವು.

"ಹೇಳೂದಿಲ್ಲ," ಎಂದಳು.