ಗಾಡಿ ನಿಂತರೆ ಸೊಸೆಯನ್ನು ಬೈಯಬೇಡಿ

ನನ್ನ ಸೊಸೆಯ ಆಟೋ ಸೇತುವೆಯ ಏರಿನಲ್ಲಿ ಮೂರನೇ ಸಲ ನಿಂತ ದಿನ ನಮ್ಮ ಬೀದಿಯವರೆಲ್ಲ ಇಂಜಿನಿಯರ್ ಆಗಿಬಿಟ್ಟರು. ಬಾಯಲ್ಲಿ ಬ್ರಷ್ ಇಟ್ಟುಕೊಂಡಿದ್ದವನು, ಹಾಲು ತರಲು ಹೊರಟವನು, ಹುಟ್ಟಿದ ಮೇಲೆ ಸೈಕಲ್ಲಿನ ಚೈನನ್ನೂ ಮುಟ್ಟದವನು, ಎಲ್ಲರದೂ ಒಂದೇ ಮಾತು: "ಹೆಂಗಸು ಓಡಿಸಿದ್ರೆ ಇನ್ನೇನಾಗುತ್ತೆ?"

ನನಗೆ ಬಂದ ಸಿಟ್ಟಿನಲ್ಲಿ ಒಲೆಯಿಲ್ಲದೆ ಒಂದು ಹಂಡೆ ನೀರು ಕಾಯಿಸಬಹುದಿತ್ತು.

ನಾನು ಓದಿದ್ದು ಎರಡನೇ ಕ್ಲಾಸು. ಅದರಲ್ಲೂ ಅರ್ಧ ವರ್ಷ ಬಾಗಿಲ ಹೊರಗೆ ನಿಂತಿದ್ದೆ. ಗಂಡ ಸತ್ತು ಇಪ್ಪತ್ತು ವರ್ಷವಾಯಿತು. ನನಗೆ ಬರುವ ವಿದ್ಯೆ ಒಂದೇ, ಡಬ್ಬಿ ಮುಚ್ಚುವುದು. ನಾನು ಮುಚ್ಚಿದ ಸಕ್ಕರೆ ಡಬ್ಬಿಯ ಸುತ್ತ ಇರುವೆಗಳು ಮೂರು ತಲೆಮಾರು ಸುತ್ತಿ ಸುತ್ತಿ ಸತ್ತಿವೆ. ಅದನ್ನು ತೆಗೆಯಲು ನಾಲ್ಕು ಜನ ಪೈಲ್ವಾನರು ಬೇಕು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸೊಸೆ ಮೂರು ವರ್ಷದಿಂದ ಆಟೋ ಓಡಿಸುತ್ತಾಳೆ. ದಿನ ಬಿಟ್ಟು ದಿನ ಬೆಳಗ್ಗೆ ಎದುರು ಮನೆಯ ಟೈಲರ್ ಅಣ್ಣನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾಳೆ. ಆತನಿಗೆ ಕಿಡ್ನಿ ಹೋಗಿದೆ, ಮಿಷನ್ನಿಗೆ ಹಾಕಿ ರಕ್ತ ತೊಳೆಯಬೇಕು. ತಡವಾಗಿ ಹೋದರೆ ನಂತರದವರ ಸರದಿ ಬಂದುಬಿಡುತ್ತದೆ, ಈತನ ಹೊತ್ತು ಕಡಿತ. ವಾಪಸು ಬರುವಾಗ ಆತ ದಾರಿಯಲ್ಲಿ ವಾಂತಿ ಮಾಡಿಕೊಳ್ಳುತ್ತಾನೆಂದು ಬೇರೆ ಆಟೋದವರು ಹತ್ತಿಸಿಕೊಳ್ಳುವುದಿಲ್ಲ. ನನ್ನ ಸೊಸೆ ಮಾತ್ರ ಒಂದು ಬಕೆಟ್ ಇಟ್ಟುಕೊಂಡು ಹೋಗುತ್ತಾಳೆ.

ಆ ದಿನ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅರ್ಧ ಹೊತ್ತು ಮುಗಿದಿತ್ತು. ಸಂಜೆ ಟೈಲರ್ ಅಣ್ಣನ ಕಾಲು ದಿಂಬಿನ ಹಾಗೆ ಊದಿಕೊಂಡಿತು, ಉಸಿರು ಎಳೆದುಕೊಳ್ಳುತ್ತಿತ್ತು. ಅದನ್ನು ನೋಡಿ ಬಂದ ನನ್ನ ಮಗ ಅಂಗಳದಲ್ಲಿ ನಿಂತು ಹೆಂಡತಿಯ ಕೈಯಿಂದ ಕೀಲಿ ಕಿತ್ತುಕೊಂಡ.

"ನಾಳೆಯಿಂದ ನೀನು ಗಾಡಿ ಮುಟ್ಟಬೇಡ. ಯಾರ ಪ್ರಾಣಕ್ಕಾದ್ರೂ ಬಂದ್ರೆ ಯಾರು ಜವಾಬ್ದಾರಿ?"

ನನ್ನ ಮಗ ಮಿಕ್ಸಿ, ಫ್ಯಾನು ರಿಪೇರಿ ಮಾಡುವವನು. ಲೋಕದಲ್ಲಿ ತಿರುಗುವ ಸಾಮಾನೆಲ್ಲ ತನ್ನ ಶಿಷ್ಯರೇ ಎಂದು ತಿಳಿದಿದ್ದಾನೆ. ಒಂದು ವಾರದಲ್ಲಿ ಆ ಗಾಡಿಗೆ ಪ್ಲಗ್ ಬದಲಾಯಿಸಿದ, ಕಾಯಿಲ್ ಬದಲಾಯಿಸಿದ, ಬ್ಯಾಟರಿ ಬದಲಾಯಿಸಿದ. ಇನ್ನು ಉಳಿದದ್ದು ಹೆಂಡತಿ ಒಬ್ಬಳೇ.

ಸೊಸೆ ಬಕೆಟ್ ತೊಳೆದು ಬೋರಲು ಹಾಕಿದಳು. ನಾನು ನಾದಿನಿಗೆ ಫೋನ್ ಮಾಡಿದೆ.

ನಾದಿನಿ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದವಳು. ರಿಟೈರ್ ಆದರೂ ಉಗುರಿನ ಸಂದಿಯ ಗ್ರೀಸ್ ಇನ್ನೂ ರಿಟೈರ್ ಆಗಿಲ್ಲ. ಮರುದಿನ ಬೆಳಗ್ಗೆಯೇ ಬಂದಳು. ನನ್ನ ಮಗ ಆಗಲೂ ಬೈಯುತ್ತಿದ್ದ.

"ಯಾರನ್ನೋ ಬೈತಿರೋದು? ಇಂಜಿನ್ನನ್ನಾ, ಹೆಂಡತೀನಾ?"

"ಅತ್ತೆ, ಇವಳಿಗೆ ಕ್ಲಚ್ ಹಿಡಿಯೋಕೇ ಬರಲ್ಲ. ಏರು ಬಂದ್ರೆ ಸಾಕು, ನಿಲ್ಲಿಸಿಬಿಡ್ತಾಳೆ."

"ಮೂರು ವರ್ಷ ಬರ್ತಿತ್ತು, ಹೋದ ವಾರ ಮರೆತುಹೋಯ್ತಾ? ನೀನು ಸ್ವಲ್ಪ ಸುಮ್ನಿರು." ಅವಳು ಸೊಸೆಯ ಕಡೆ ತಿರುಗಿದಳು. "ನೀನು ಹೇಳಮ್ಮ. ಗಾಡಿ ಪಟ್ಟಂತ ಸತ್ತಿತಾ, ಕೆಮ್ಮಿ ಕೆಮ್ಮಿ ಸತ್ತಿತಾ?"

ಒಂದು ವಾರದಲ್ಲಿ ಸೊಸೆಯನ್ನು ಒಬ್ಬರು ಕೇಳಿದ್ದು ಅದೇ ಮೊದಲು. ಓಡಿಸುವವಳು ಅವಳು, ಕೂತವಳು ಅವಳು, ಸದ್ದು ಕೇಳಿದವಳು ಅವಳು. ನಾವೆಲ್ಲ ಬೀದಿಯವರ ಮಾತು ಕೇಳಿದೆವು!

"ಕೆಮ್ಮಿ ಸತ್ತಿತು. ಮೊದಲು ಎಳೆತ ಕಮ್ಮಿ ಆಯ್ತು, ಆಮೇಲೆ ಎರಡು ಸಲ ಜಗ್ಗಿತು, ನಿಂತೋಯ್ತು."

"ಎಷ್ಟು ಹೊತ್ತಿಗೆ?"

"ಮನೆ ಬಿಟ್ಟು ಅರ್ಧ ಗಂಟೆಗೆ. ಮೂರು ಸಲಾನೂ ಅಷ್ಟೇ."

"ಪಟ್ಟಂತ ಸತ್ತಿದ್ರೆ ಮೊದಲು ಕರೆಂಟಿನ ಕಡೆ ನೋಡ್ತಿದ್ದೆ. ಕೆಮ್ಮಿ ಸತ್ತಿದೆ ಅಂದ್ರೆ ಪೆಟ್ರೋಲ್ ಸಿಗ್ತಿಲ್ಲವೇನೋ ಅಂತ ಅನುಮಾನ. ನಿಂತ ತಕ್ಷಣ ಏನ್ ಮಾಡ್ದೆ?"

"ಇಂಡಿಕೇಟರ್ ಹಾಕ್ದೆ. ಟೈಲರ್ ಅಣ್ಣನ್ನ ಇಳಿಸಿ ಫುಟ್‌ಪಾತ್ ಮೇಲೆ ದೂರ ಕೂರಿಸ್ದೆ. ಹಿಂದೆ ಲಾರಿ ಬರ್ತಿತ್ತು, ಯಾರೋ ಇಬ್ಬರು ಸೇರಿ ಗಾಡಿ ಬದಿಗೆ ತಳ್ಳಿದ್ರು. ಆಮೇಲೆ ಸೆಲ್ಫ್ ಒತ್ತಿದೆ, ಒತ್ತಿದೆ, ಬ್ಯಾಟರಿ ಕೂತೋಗೋವರೆಗೂ ಒತ್ತಿದೆ."

"ಮೊದಲು ಮಾಡಿದ್ದೆಲ್ಲ ಭೇಷ್. ಕೊನೇದು ತಪ್ಪು. ಎರಡು ಮೂರು ಸಲ ಒತ್ತು, ಹತ್ತದಿದ್ರೆ ಕೈ ತೆಗಿ. ಅದು ಬ್ಯಾಟರಿ, ಕರೆಗಂಟೆ ಅಲ್ಲ."

ಮಗನಿಗೆ ತಡೆಯಲಾಗಲಿಲ್ಲ. "ನಾನು ಹೋದೆ ನೋಡಿ, ಹ್ಯಾಂಡಲ್ ಒಂದೇ ಎಳೆತ. ಸ್ಟಾರ್ಟ್! ಮೂರು ಸಲಾನೂ. ಅದಕ್ಕೆ ಕೈಗುಣ ಬೇಕು."

"ಎಳೆಯೋಕೆ ಮುಂಚೆ ಏನ್ ಮಾಡ್ದೆ?"

"ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ಇದೆಯಾ ನೋಡ್ದೆ. ತುಂಬಿತ್ತು."

"ಎರಡನೇ ಸಲ?"

"ಆಗ್ಲೂ ನೋಡ್ದೆ."

"ಮೊದಲನೇ ಸಲ?"

"ಪೆಟ್ರೋಲ್ ನೋಡದೆ ಯಾರಾದ್ರೂ..." ಅಂದವನು ಅಲ್ಲಿಗೇ ನಿಲ್ಲಿಸಿದ.

"ಕೀಲಿ ಅವಳಿಗೆ ಕೊಡು," ಅಂದಳು ನಾದಿನಿ. ಕೀಲಿ ಕೊಡುವಾಗ ಅವನ ಮುಖ ಹರಳೆಣ್ಣೆ ಕುಡಿದವನ ಹಾಗಿತ್ತು.

ಸೊಸೆ ಓಡಿಸಿದಳು, ನಾವು ಮೂವರು ಹಿಂದೆ ಕೂತೆವು. ನೀರಿನ ಟ್ಯಾಂಕಿನ ಸುತ್ತ ಮುತ್ತ ಎಷ್ಟು ಸುತ್ತಿದೆವೆಂದರೆ ನನಗೆ ಭೂಮಿಯೇ ತಿರುಗುತ್ತಿದೆ ಅನ್ನಿಸಿತು. ಸರಿಯಾಗಿ ಅರ್ಧ ಗಂಟೆ. ಗಾಡಿ ಕೆಮ್ಮಿತು, ಜಗ್ಗಿತು, ಖಾಲಿ ಮೈದಾನದ ಬದಿಯಲ್ಲಿ ನಿಂತಿತು.

ಮಗ ಮುಚ್ಚಳಕ್ಕೆ ಕೈ ಹಾಕಿದ. ನಾದಿನಿ ಆ ಕೈಗೆ ಒಂದು ಏಟು ಕೊಟ್ಟಳು. "ಮುಟ್ಟಬೇಡ. ಕಳ್ಳನ್ನ ಹಿಡಿಯೋಕೆ ಮುಂಚೆ ಬಾಗಿಲು ತೆಗೀತೀಯಾ?"

ಮೊದಲು ಪ್ಲಗ್ ಬಿಚ್ಚಿ ನೋಡಿದಳು. ಕಿಡಿ ನೀಲಿಯಾಗಿ ಬಂತು. ಆದರೆ ಪ್ಲಗ್ಗಿನ ಮೂತಿ ಒಣಗಿತ್ತು. "ಕಿಡಿ ಇದೆ, ಪೆಟ್ರೋಲ್ ಬಂದಿಲ್ಲ," ಅಂದಳು. ನೋಡಲು ಬಂದು ಸಿಗರೇಟು ಹಚ್ಚಿದವನೊಬ್ಬನನ್ನು ಮೈದಾನದ ಆ ತುದಿಗೆ ಓಡಿಸಿದಳು. ಇಂಜಿನ್ ಪೂರ್ತಿ ಆರುವವರೆಗೆ ನಮ್ಮನ್ನು ಕಾಯಿಸಿದಳು. ಆಮೇಲೆ ಪೆಟ್ರೋಲ್ ಪೈಪಿನ ತುದಿ ಕಳಚಿ ಒಂದು ಬಾಟಲಿಗೆ ಬಿಟ್ಟಳು. ಟ್ಯಾಂಕ್ ತುಂಬ ಪೆಟ್ರೋಲ್. ಪೈಪಿನಲ್ಲಿ ಬಿದ್ದದ್ದು ನಾಲ್ಕು ಹನಿ. ನಿಂತೇಹೋಯಿತು.

"ಈಗ ತೆಗಿಯೋ ಮುಚ್ಚಳ."

ಮಗ ತಿರುಗಿಸಿದ. 'ಉಸ್ಸ್' ಅಂತ ಗಾಳಿ ಒಳಗೆ ನುಗ್ಗಿತು. ಬಾಟಲಿಗೆ ಪೆಟ್ರೋಲ್ ಧಾರೆಯಾಗಿ ಸುರಿಯಿತು.

ನಾದಿನಿ ಪೈಪ್ ಹಾಕಿ, ಮುಚ್ಚಳ ತಿರುಗಿಸಿ ನೋಡಿದಳು. "ಇದ್ರಲ್ಲಿ ಗಾಳಿ ಹೋಗೋಕೆ ಸಾಸಿವೆ ಕಾಳಷ್ಟು ತೂತು ಇರುತ್ತೆ. ಅದನ್ನ ಯಾರೋ ಮುಚ್ಚಿದಾರೆ." ಮೂಗಿನ ಹತ್ತಿರ ಹಿಡಿದಳು. "ಇದೇನು, ಗುಲಾಬಿ ಸೋಪಿನ ವಾಸನೆ!"

ನಮ್ಮ ಮನೆಯಲ್ಲಿ ಗುಲಾಬಿ ಸೋಪು ಹಚ್ಚುವವಳು ಒಬ್ಬಳೇ. ಮೂರು ಬೀದಿಗೆ ಕೇಳಿಸುವ ನನ್ನ ಬಾಯಿ ಆ ದಿನ ಮೊದಲ ಸಲ ತಾನಾಗಿ ಮುಚ್ಚಿಕೊಂಡಿತು.

"ಅತ್ತಿಗೆ?"

"ಟೈಲರ್ ಅಣ್ಣನಿಗೆ ಪೆಟ್ರೋಲ್ ವಾಸನೆಗೇ ವಾಂತಿ ಬರುತ್ತೆ ಅಂದ್ರು," ಅಂದೆ. "ವಾಸನೆ ಆ ತೂತಿಂದ ಬರ್ತಿತ್ತು. ಒಂದು ಚೂರು ಸೋಪು ಒತ್ತಿ ಮುಚ್ದೆ, ಮುಚ್ಚಳದ ಒಳಗಿನ ಉಂಗುರಕ್ಕೂ ಸುತ್ತ ಬಳಿದೆ. ಒಳ್ಳೇದಕ್ಕೇ ಮಾಡ್ದೆ ಕಣೇ."

"ಯಾವತ್ತು?"

"ಹೋದ ವಾರ. ಅದು ನಿಲ್ಲೋಕೆ ಶುರುವಾದ ಹಿಂದಿನ ದಿನ."

"ಅಡುಗೆಮನೇಲಿ ಎಣ್ಣೆ ಡಬ್ಬಕ್ಕೆ ಎಷ್ಟು ತೂತು ಹೊಡೀತೀಯ?"

"ಎರಡು."

"ಯಾಕೆ?"

"ಒಂದೇ ಹೊಡೆದ್ರೆ ಎಣ್ಣೆ ಗೊಳಕ್ ಗೊಳಕ್ ಅಂದು ನಿಂತುಬಿಡುತ್ತೆ. ಗಾಳಿ ಒಳಗೆ ಹೋದ್ರೆ ತಾನೆ..."

ಐವತ್ತು ವರ್ಷ ಎಣ್ಣೆ ಡಬ್ಬಕ್ಕೆ ಎರಡು ತೂತು ಹೊಡೆದ ಮಹಾಜ್ಞಾನಿ ನಾನು! ಬೀದಿಯವರ ಮೇಲಿದ್ದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಂತು. ಮಗ ಕಿಸಕ್ಕನೆ ನಕ್ಕ. ಆ ನಗುವಿಗೆ ನನ್ನ ಸಿಟ್ಟು ಮತ್ತೆ ಅರ್ಧ ಅವನ ಕಡೆ ಹೋಯಿತು.

"ನಗಬೇಡ ಮಹಾರಾಯ! ಸೋಪು ಹಚ್ಚಿದವಳು ನಾನು, ಸರಿ. ವಾರವಿಡೀ ಬೈಸಿಕೊಂಡವಳು ಯಾರು? ಮುಚ್ಚಳ ತೆಗೆದ ಪುಣ್ಯಕ್ಕೆ ಗಾಡಿ ಹೊರಟ್ರೆ ಅದು ನಿನ್ನ ಕೈಗುಣವಾ? ಚೆನ್ನಾಗಿದ್ದ ಬ್ಯಾಟರಿ ಕಿತ್ತೆ, ಚೆನ್ನಾಗಿದ್ದ ಪ್ಲಗ್ ಕಿತ್ತೆ. ಒಂದು ಸಲ ಅವಳನ್ನ ಕೇಳಿದ್ಯಾ, ಹೇಗೆ ನಿಲ್ತು ಅಂತ?"

ಅವನು ನೆಲ ನೋಡಿದ. ಆಮೇಲೆ ಹೆಂಡತಿಗೆ ಹೇಳಿದ, "ತಪ್ಪಾಯ್ತು. ಕೇಳಬೇಕಾಗಿತ್ತು."

"ಸ್ವಲ್ಪ ಗಟ್ಟಿಯಾಗಿ ಹೇಳಿ," ಅಂದಳು ಸೊಸೆ. "ಬೈದಿದ್ದು ಇಡೀ ಬೀದಿಗೆ ಕೇಳಿಸಿತ್ತು."

ನಾನು ಅವಳ ಕೈ ಹಿಡಿದುಕೊಂಡೆ. "ನನ್ನದೂ ತಪ್ಪಾಯ್ತು ಕಣಮ್ಮ," ಅಂದೆ, ಗಟ್ಟಿಯಾಗಿಯೇ.

ನಾದಿನಿ ಸೂಜಿಯಿಂದ ತೂತು ಬಿಡಿಸಿದಳು. ಬಳಿದ ಸೋಪು ಒರೆಸಿ ನೋಡಿದರೆ ಮುಚ್ಚಳದ ಒಳಗಿನ ರಬ್ಬರ್ ಉಂಗುರ ಹರಿದಿತ್ತು, ವಾಸನೆ ಅಷ್ಟೊಂದು ಬರುತ್ತಿದ್ದುದು ಅದರಿಂದ. ಹೊಸದು ಹಾಕಿಸಿದಳು. ಮರುದಿನ ಬೆಳಗ್ಗೆ ಟೈಲರ್ ಅಣ್ಣ ಊದಿದ ಕಾಲನ್ನು ಎತ್ತಿಡುತ್ತ ಆಟೋ ಹತ್ತಿರ ಬಂದ.

"ಅಕ್ಕಾ, ಇವತ್ತು ಏನಾದ್ರೂ ಮುಚ್ಚಿದೀಯಾ?"

"ಬಾಯಿ ಮುಚ್ಚಿದೀನಿ. ಹತ್ತು."

ನಾನೂ ಜೊತೆಗೆ ಹೋದೆ. ಸೇತುವೆಯ ಏರು ಬಂದಾಗ ಮೂವರೂ ಉಸಿರು ಹಿಡಿದೆವು. ಗಾಡಿ ಕೆಮ್ಮಲಿಲ್ಲ. ಟೈಲರ್ ಅಣ್ಣ ಸರದಿಗೆ ಹತ್ತು ನಿಮಿಷ ಮೊದಲೇ ಮಿಷನ್ನಿನ ಪಕ್ಕ ಮಲಗಿದ, ಪೂರ್ತಿ ಹೊತ್ತು ಮುಗಿಸಿಕೊಂಡು ಎದ್ದ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಗಾಡಿ ನಿಮ್ಮ ಮನೆಯಲ್ಲೂ ಇದೆ, ಒಂದಲ್ಲ ಒಂದು ದಿನ ನಿಲ್ಲುತ್ತದೆ. ನಿಂತಾಗ ಮೊದಲು ಇಂಡಿಕೇಟರ್ ಹಾಕಿ, ಒಳಗಿದ್ದವರನ್ನು ಇಳಿಸಿ ರಸ್ತೆಯಿಂದ ದೂರ ಕಳಿಸಿ, ಗಾಡಿ ಬದಿಗೆ ತಳ್ಳಿ. ಬ್ಯಾಟರಿ ಸಾಯುವವರೆಗೆ ಸೆಲ್ಫ್ ಒತ್ತಬೇಡಿ. ಓಡಿಸುತ್ತಿದ್ದವರನ್ನು ಕೇಳಿ: ಹೇಗೆ ನಿಂತಿತು, ಎಷ್ಟು ಹೊತ್ತಿಗೆ ನಿಂತಿತು, ಅದಕ್ಕೆ ಮೊದಲು ಗಾಡಿಗೆ ಯಾರು ಏನು ಮಾಡಿದರು. ಆ ಉತ್ತರ ಹಿಡಿದುಕೊಂಡು ಕೆಲಸ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಹೋಗಿ. ಪೈಪು ಗೀಪು ನೀವೇ ಬಿಚ್ಚಬೇಡಿ. ನೋಡದೆ ಸಾಮಾನು ಬದಲಾಯಿಸುವವನನ್ನು ಕಂಡರೆ ಕೈಮುಗಿದು ಮನೆಗೆ ಬನ್ನಿ. ನನ್ನಂಥ ಬುದ್ಧಿವಂತೆ ಮುದುಕಿ ಮನೆಯಲ್ಲಿದ್ದರೆ ಟ್ಯಾಂಕಿನ ಹತ್ತಿರ ಸುಳಿಯಲು ಬಿಡಬೇಡಿ.

ಇಷ್ಟು ಹೇಳಿದ ಮೇಲೂ ನಿಮ್ಮ ಬೀದಿಯಲ್ಲಿ ಯಾರಾದರೂ 'ಹೆಂಗಸು ಓಡಿಸಿದರೆ ಹೀಗೇ' ಅಂದರೆ, ಅವರನ್ನು ನನ್ನ ಹತ್ತಿರ ಕಳಿಸಿ. ಗುಲಾಬಿ ಸೋಪು ಇನ್ನೂ ಅರ್ಧ ಉಳಿದಿದೆ.