ದೂಳು ಹೀರುವ ಮಿಷನ್ನಿನ ಸದ್ದು ಎಲ್ಲಿಂದ ಬರುತ್ತದೆ?

ಮೂರ್ನಾಡಿನಲ್ಲಿ ನಮ್ಮದೊಂದು ಮರಗೆಲಸದ ಶೆಡ್ ಇದೆ. ಮಗ ಶಶಿಧರ ಬಾಗಿಲು, ಕಿಟಕಿ, ಮಂಚ ಮಾಡುತ್ತಾನೆ. ಸೊಸೆ ಯಮುನ ಸ್ಯಾಂಡ್‌ಪೇಪರ್ ಹಿಡಿದು ಮರವನ್ನು ಉಜ್ಜಿ ನಯ ಮಾಡುತ್ತಾಳೆ. ನಾನು ಪೂವಯ್ಯ, ಕೈಗರಗಸದ ಕಾಲದವನು. ಈಗ ಸ್ಟೂಲಿನ ಮೇಲೆ ಕೂತು ನೋಡುವುದೇ ನನ್ನ ಕೆಲಸ.

ಹೋದ ವರ್ಷ ಯಮುನಳಿಗೆ ಕೆಮ್ಮು ಹಿಡಿಯಿತು. ಡಾಕ್ಟರು ನೋಡಿ, "ಮರದ ದೂಳು ಎದೆಗೆ ಹೋಗ್ತಾ ಇದೆ. ಹೀಗೇ ಆದರೆ ಈ ಕೆಲಸ ಬಿಡಬೇಕಾಗ್ತದೆ" ಎಂದರು. ಕೆಲಸ ಬಿಡಲು ಅವಳಿಗೆ ಮನಸ್ಸಿಲ್ಲ. ಹಾಗಾಗಿ ಶಶಿ ದೂಳು ಹೀರುವ ಮಿಷನ್ ತಂದ. ಒಂದು ಮೋಟರು, ಒಳಗೊಂದು ಫ್ಯಾನು, ಆನೆ ಸೊಂಡಿಲಿನಂಥ ಪೈಪು, ದೂಳು ತುಂಬಲು ದೊಡ್ಡ ಚೀಲ. ಕೆಮ್ಮು ಇಳಿಯಿತು. ಆದರೆ ಅಬ್ಬಬ್ಬಾ, ಅದರ ಸದ್ದು!

ನಮ್ಮ ಗೋಡೆಗೆ ತಾಗಿಕೊಂಡೇ ಅಂಗನವಾಡಿ. ಟೀಚರ್ ಮುತ್ತಮ್ಮ ಒಂದು ದಿನ ಬಂದು ಬಾಗಿಲಲ್ಲಿ ನಿಂತರು.

"ಶಶಿ, ಮಧ್ಯಾಹ್ನ ಮಕ್ಕಳು ಮಲಗೋ ಹೊತ್ತಿಗಾದರೂ ಅದನ್ನು ನಿಲ್ಲಿಸಪ್ಪ. ಬೆಚ್ಚಿಬಿದ್ದು ಅಳ್ತವೆ."

ಶಶಿ ಮಿಷನ್ ನಿಲ್ಲಿಸಿದ. ಕೆಲಸ ನಿಲ್ಲಿಸಲಾಗುತ್ತದೆಯೇ? ಯಮುನ ದೂಳಿನಲ್ಲೇ ಕೂತು ಉಜ್ಜಿದಳು. ಎರಡು ವಾರದಲ್ಲಿ ಕೆಮ್ಮು ಮತ್ತೆ ಬಂತು.

ನಮ್ಮ ಕಡೆ ಎಂತ ಆದರೂ ಮೊದಲ ಮದ್ದು ಕಾಫಿ ಗೋಣಿ. ಜೀಪಿನ ಸೀಟಿಗೆ ಗೋಣಿ, ಹೊಸ್ತಿಲಿಗೆ ಗೋಣಿ, ನಾಯಿ ಮಲಗಲು ಗೋಣಿ. ಶಶಿಯೂ ಮೋಟರಿಗೆ ಎಂಟು ಗೋಣಿ ಸುತ್ತಿ ಹಗ್ಗ ಬಿಗಿದ. ಸದ್ದು ಸ್ವಲ್ಪ ತಗ್ಗಿತು. ಅರ್ಧ ಗಂಟೆಯಲ್ಲಿ ಸುಟ್ಟ ವಾಸನೆ ಬಂತು.

ಅಷ್ಟು ಹೊತ್ತಿಗೆ ಮೇಜು ಮಾಡಿಸಲೆಂದು ವೀಣಾ ಬಂದಳು. ಐಟಿಐಯಲ್ಲಿ ಮಿಷನ್ ಕೆಲಸ ಕಲಿಸುವವಳು.

"ಶಶಿಯಣ್ಣ, ಮೊದಲು ಮೈನ್ ಆಫ್ ಮಾಡಿ! ಮೋಟರಿಗೆ ಯಾಕೆ ಹೊದಿಸಿದ್ದೀರಿ? ಜ್ವರವಾ ಅದಕ್ಕೆ?"

"ಸದ್ದು ಕಮ್ಮಿ ಆಗಲಿ ಅಂತ."

"ಮೋಟರಿಗೆ ಗಾಳಿ ಆಡಬೇಕು. ಸುತ್ತಲೂ ಮರದ ಹುಡಿ. ಬೆಂಕಿ ಹತ್ತಿದರೆ ಶೆಡ್ಡೇ ಉಳಿಯಲ್ಲ."

ಶಶಿಗೆ ಸಿಟ್ಟು ಬಂತು. "ಮಿಷನ್ ಅಂದಮೇಲೆ ಸದ್ದು ಇದ್ದೇ ಇರ್ತದೆ. ನೀನು ಬುಕ್ಕಿನಲ್ಲಿ ಇರೋದು ಹೇಳ್ತೀಯ."

"ಬುಕ್ಕು ಬೇಡ, ಕಿವಿ ಸಾಕು. ಸದ್ದು ಎಲ್ಲಿಂದ ಬರ್ತಾ ಇದೆ, ಹೇಳಿ ನೋಡುವಾ."

ಶಶಿ ಮೋಟರು ತೋರಿಸಿದ. ಯಮುನ ಪೈಪು ತೋರಿಸಿದಳು. ನಾನು ಅಂಗನವಾಡಿ ಕಡೆಯ ಗೋಡೆ ತೋರಿಸಿದೆ. ಶಶಿ ನಕ್ಕ. "ಅಪ್ಪ, ಗೋಡೆ ಕೂಗ್ತದಾ?"

"ಮೂರೂ ಸರಿ ಇರಬಹುದು. ಒಂದೊಂದೇ ನೋಡುವಾ," ಎಂದಳು ವೀಣಾ.

ಗೋಣಿ ಬಿಚ್ಚಿ, ಮೋಟರು ತಣ್ಣಗಾದ ಮೇಲೆ ಓಡಿಸಿದೆವು. ಪೈಪು ಉದ್ದ ಇತ್ತು. ಕತ್ತರಿಸಲು ಮನಸ್ಸು ಬಾರದೆ ಶಶಿ ಮೂರು ಸುತ್ತು ಸುತ್ತಿ ಇಟ್ಟಿದ್ದ. ವೀಣಾ ಅದನ್ನು ಬಿಡಿಸಿ ನೇರ ಹಿಡಿದಳು. ಕಿರುಚಾಟ ಇಳಿಯಿತು! ಯಮುನ ಪೈಪಿನ ಜಾಯಿಂಟಿನ ಬಿರುಕಿಗೆ ಅಂಗೈ ಒತ್ತಿದಳು. ಸೀಟಿ ನಿಂತಿತು. ಕೈ ತೆಗೆದಳು, ಸೀಟಿ. ಮತ್ತೆ ಒತ್ತಿದಳು. ನಾವೆಲ್ಲ ಬಗ್ಗಿ ನೋಡಿದೆವು, ಶಶಿಯೂ.

"ಅಜ್ಜ, ಈಗ ನಿಮ್ಮ ಗೋಡೆ ಮುಟ್ಟಿ ನೋಡಿ."

ಗೋಡೆ ನಡುಗುತ್ತಿತ್ತು. ಗೋಡೆಗೆ ಹೊಡೆದ ಹಲಗೆಯ ಮೇಲೆ ಮಿಷನ್ ಕೂರಿಸಿದ್ದೆವು. ನನಗೆ ಹಳೆಯದೊಂದು ನೆನಪಾಯಿತು. ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಹಲಗೆ ಅಟ್ಟದ ಮೇಲಿದ್ದಾಗ ಪಕ್ಕದ ಕೂಲಿಯವರ ಲೈನ್ ಮನೆಗಳಲ್ಲಿ ಪಾತ್ರೆ ಕುಣಿಯುತ್ತಿತ್ತು. ಕಲ್ಲುಕಟ್ಟೆಗೆ ಇಳಿಸಿದ ಮೇಲೆ ನಿಂತಿತು. ಹಾಗಂತ ಹೇಳಿದೆ.

"ನೋಡಿ, ಪಾಠ ಅಜ್ಜನೇ ಮುಗಿಸಿದರು," ಎಂದಳು ವೀಣಾ.

ಮರುದಿನ ಮಿಷನ್ನನ್ನು ಗೋಡೆಯಿಂದ ಬಿಡಿಸಿ, ಶೆಡ್ಡಿನ ಇನ್ನೊಂದು ಬದಿಯ ಸಿಮೆಂಟ್ ನೆಲಕ್ಕೆ ಇಳಿಸಿದೆವು. ಕಾಲಿನಡಿ ದಪ್ಪ ರಬ್ಬರ್ ಇಟ್ಟೆವು. ಒಳಗೆ ನಯವಾಗಿರುವ ಗಟ್ಟಿ ಪೈಪು ನೇರವಾಗಿ ಎಳೆದು, ಮಿಷನ್ನಿನ ಹತ್ತಿರ ಮಾತ್ರ ಒಂದು ಮೊಳ ಮೆತ್ತನೆ ಪೈಪು ಜೋಡಿಸಿದೆವು. ಬಿರುಕು ಮುಚ್ಚಿದೆವು. ವೈರ್ ಕಿತ್ತಿಟ್ಟು ಫ್ಯಾನ್ ಬಿಚ್ಚಿದರೆ, ಒಂದು ರೆಕ್ಕೆಗೆ ಹುಡಿ ಗಟ್ಟಿಯಾಗಿ ಮೆತ್ತಿತ್ತು. ಒಂದೇ ಕಡೆ ಭಾರ. ಅದಕ್ಕೇ ಮಿಷನ್ನಿಗೆ ಆ ಕುಣಿತ! ಕೆರೆದು ತೆಗೆದು ಮತ್ತೆ ಜೋಡಿಸಿದೆವು.

ಮಧ್ಯಾಹ್ನ ಒಂದೂವರೆಗೆ ಯಮುನ ಮಿಷನ್ ಹಾಕಿ ಉಜ್ಜಲು ಕೂತಳು. ಶಶಿಗೆ ತಡೆಯಲಾಗಲಿಲ್ಲ. ಅಂಗನವಾಡಿಗೆ ಓಡಿದ. ಸ್ವಲ್ಪ ಹೊತ್ತಿಗೆ ಪೆಚ್ಚು ಮುಖ ಮಾಡಿಕೊಂಡು ಬಂದ.

"ಎಂತ ಆಯಿತು? ಮಕ್ಕಳು ಎದ್ದವಾ?" ಯಮುನ ಗಾಬರಿಯಿಂದ ಕೇಳಿದಳು.

"ಇಲ್ಲ. ಮಿಷನ್ ದೂರದಲ್ಲಿ ಮಿಕ್ಸಿ ಓಡಿದ ಹಾಗೆ ಕೇಳ್ತದೆ. ಟೀಚರ್ ನನಗೇ ಬೈದರು. 'ನಿನ್ನ ಮಿಷನ್ನಿಗಿಂತ ನಿನ್ನ ಚಪ್ಪಲಿ ಸದ್ದೇ ಜಾಸ್ತಿ, ಹೊರಗೆ ನಡಿ' ಅಂದರು."

ಯಮುನ ನಕ್ಕಳು. ಕೆಮ್ಮಲಿಲ್ಲ.

ಮರಗೆಲಸ ಮಾಡುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಸದ್ದಾಗುತ್ತದೆಂದು ದೂಳಿನ ಮಿಷನ್ ನಿಲ್ಲಿಸಿ ಕೆಲಸ ಮಾಡಬೇಡಿ. ಮೋಟರಿಗೆ ಗೋಣಿ ಸುತ್ತಬೇಡಿ. ಕೈ ಚಾಚಿದಷ್ಟು ದೂರದಲ್ಲಿರುವವರೊಡನೆ ಕೂಗಿ ಮಾತಾಡಬೇಕಾದರೆ ಆ ಸದ್ದು ಕಿವಿ ಕೆಡಿಸುತ್ತದೆ. ಕಿವಿಗೆ ಮುಚ್ಚಿಗೆ ಹಾಕಿಕೊಳ್ಳಿ, ಸದ್ದು ಹುಟ್ಟುವ ಜಾಗ ಹುಡುಕಿ. ಗೊತ್ತಾಗದಿದ್ದರೆ ಬಲ್ಲವರನ್ನು ಕರೆಯಿರಿ, ನಾಚಿಕೆ ಬೇಡ. ಪಕ್ಕದ ಮಕ್ಕಳ ನಿದ್ದೆಯೂ ಉಳಿಯಬೇಕು, ನಿಮ್ಮ ಮನೆಯವರ ಉಸಿರೂ ಉಳಿಯಬೇಕು. ಎರಡೂ ಆಗುತ್ತದೆ, ನಾವು ಮಾಡಿದ್ದೇವೆ.